ಒಂದೇ ಹೆಸರಿನ ಎರಡು ಕಿರುಬ

ಬೆಟ್ಟಗಳಿಗೆ ಇನ್ನೂ ಕಿವಿ ಇದ್ದ ಕಾಲದಲ್ಲಿ ಹೊನ್ನಗಡಿ ಎಂಬ ರಾಜ್ಯವಿತ್ತು. ಅದು ಅರ್ಧ ಬೆಟ್ಟ, ಅರ್ಧ ಬಯಲು. ಬೆಟ್ಟದವರು ಮೈತುಂಬ ಚುಕ್ಕೆಯಿರುವ, ಮರ ಹತ್ತುವ ಮೃಗವನ್ನು ಕಿರುಬ ಎನ್ನುತ್ತಿದ್ದರು. ಬಯಲಿನವರು ಪಟ್ಟೆ ಮೈಯ, ಹಿಂಭಾಗ ಕುಗ್ಗಿದ, ಎಲುಬು ಕಡಿಯುವ ಮೃಗವನ್ನು ಕಿರುಬ ಎನ್ನುತ್ತಿದ್ದರು. ಸಂತೆಯಲ್ಲಿ ಸೇರಿದಾಗಲೆಲ್ಲ "ನಿಮ್ಮದೂ ಒಂದು ಕಿರುಬವೇ?" ಎಂದು ಜಗಳವಾಡಿ ಮನೆಗೆ ಹೋಗುತ್ತಿದ್ದರು.

ಬಯಲಿನ ಮಣ್ಣೂರಿನಲ್ಲಿ ಸಂಕವ್ವ ಎಂಬ ಕುಂಬಾರ ಹೆಂಗಸಿದ್ದಳು. ಯಾರೂ ಹೇಳಿಕೊಡದೆ ತಾನೇ ತಿಗರಿ ತಿರುಗಿಸಲು ಕಲಿತವಳು. ಆ ಊರಿನಲ್ಲಿ ಗಂಡಸರಿಗೆಲ್ಲ ಊರದೇವರ ಹೆಸರೇ: ಮೈಲಾರ. ಉದ್ದ ಮೈಲಾರ, ಕಿವಿ ಮೈಲಾರ, ಹೀಗೆ ಗುರುತು ಹಿಡಿಯುತ್ತಿದ್ದರು. ಸಂಕವ್ವನ ಗಂಡ ಗೊರಕೆ ಮೈಲಾರ. ಆದರೆ ಹೆಂಡತಿಯಾದವಳು ಮಾತ್ರ ಗಂಡನ ಹೆಸರನ್ನು ಬಾಯಲ್ಲಿ ಆಡುವಂತಿರಲಿಲ್ಲ.

ಇದನ್ನು ತಿಳಿದಿದ್ದವನು ಬೆಟ್ಟದ ಮಾಂತ್ರಿಕ ಬೂದಿಗಣ್ಣ. ಒಂದು ಬೆಳಗ್ಗೆ ಅವನು ಊರಿನ ನಲವತ್ತು ಗಂಡಂದಿರ ಹೆಸರುಗಳನ್ನು ಎಳೆದು ನಲವತ್ತು ಮಡಕೆಗಳಲ್ಲಿ ತುಂಬಿಟ್ಟ. ಹೆಸರಿನ ಹಿಂದೆ ಮೈಯೂ ಬೆಟ್ಟ ಹತ್ತಿ ಹೋಯಿತು. ತಾವು ಯಾರೆಂಬುದನ್ನೇ ಮರೆತು ಅವರೆಲ್ಲ ಅವನ ಕೋಟೆಗೆ ಕಲ್ಲು ಹೊರತೊಡಗಿದರು.

"ಹೆಂಡತಿ ಬಂದು ಹೆಸರು ಹಿಡಿದು ಕರೆದರೆ ಬಿಡುತ್ತೇನೆ!" ಎಂದು ಬೂದಿಗಣ್ಣ ಬೆಟ್ಟದಿಂದ ಕೂಗಿ ನಕ್ಕ. "ನಾಳೆ ಸೂರ್ಯ ಮುಳುಗಿದರೆ ಎಲ್ಲರೂ ಕಲ್ಲು!"

ಬಾವಿಕಟ್ಟೆಯಲ್ಲಿ ಹೆಂಗಸರು ಸೇರಿದರು.

"ಹೆಸರು ಹಿಡಿಯೋದಾ? ನಾಲಿಗೆ ಬಿದ್ದುಹೋಗುತ್ತೆ ಕಣೇ ಸಂಕವ್ವ!"

"ಬೀಳಲಿ ಬಿಡು. ಮಣ್ಣಿಂದು ಇನ್ನೊಂದು ಮಾಡ್ಕೋತೀನಿ," ಎಂದು ಸಂಕವ್ವ ಹೊರಟಳು.

ಅವಳು ಮಡಕೆ ಸುಡುವ ಆವಿಗೆಯ ಹಿಂದೆ ಎಲುಬು ಕಡಿಯುತ್ತಿದ್ದ ಪಟ್ಟೆಕಿರುಬ ತಲೆಯೆತ್ತಿತು. "ಅಕ್ಕಾ, ನಾನೂ ಬರ್ತೀನಿ."

"ನೀನ್ಯಾಕೋ?"

"ನೀನು ತಿರುಗಿ ಬರದಿದ್ದರೆ ನನಗೆ ಎಲುಬು ಹಾಕೋರು ಯಾರು?"

ಕೋಟೆಗೆ ಮೂರು ಬಾಗಿಲು. ಮೊದಲನೆಯದರಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. "ಇದೂ ಒಂದು ಬೆಂಕಿಯಾ? ನಮ್ಮ ಆವಿಗೆ ಇದರ ಅಜ್ಜಿ," ಎಂದ ಸಂಕವ್ವ, ತನ್ನ ಮೈಗೂ ಕಿರುಬದ ಮೈಗೂ ಹಸಿಮಣ್ಣು ಮೆತ್ತಿ ನಡುವೆಯೇ ನಡೆದುಹೋದಳು.

ಎರಡನೆಯದರಲ್ಲಿ ಚುಕ್ಕೆಕಿರುಬ ಕಾವಲಿತ್ತು. ಅದರ ಹೆಸರೂ ಮಡಕೆ ಸೇರಿತ್ತು, ಕಣ್ಣಲ್ಲಿ ಬರೀ ಬೂದಿ. ಅದು ಸಂಕವ್ವನ ಮೇಲೆ ಹಾರಿತು.

"ನಿಲ್ಲೋ ಕಿರುಬಾ!" ಎಂದು ಪಟ್ಟೆಕಿರುಬ ಅಡ್ಡ ಬಂತು.

ಚುಕ್ಕೆಕಿರುಬ ನಿಂತಿತು. "ಯಾರು ಕಿರುಬ?"

"ನೀನು. ನಾನೂ ಅದೇ."

"ನನ್ನ ಹೆಸರನ್ನು ಮಾಂತ್ರಿಕ ಮುಚ್ಚಿಟ್ಟಿದ್ದಾನೆ."

"ಅವನು ಮುಚ್ಚಿಟ್ಟಿದ್ದು ಬೆಟ್ಟದ ಹೆಸರನ್ನ. ಬಯಲಲ್ಲಿ ಅದು ನನ್ನ ಹತ್ತಿರ ಹಾಗೇ ಇದೆ. ತಗೋ, ಇಬ್ಬರಿಗೂ ಸಾಕಾಗುತ್ತೆ."

ಚುಕ್ಕೆಕಿರುಬದ ಕಣ್ಣಿನ ಬೂದಿ ಉದುರಿತು. ಒಳಗೆಲ್ಲೋ ಒಂದು ಮಡಕೆ ಪಟ್ಟೆಂದು ಒಡೆದ ಸದ್ದಾಯಿತು. ಚುಕ್ಕೆಕಿರುಬ ಪಟ್ಟೆಕಿರುಬವನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಸೊಟ್ಟಗಿದ್ದೀಯ, ನಿನಗೂ ನನ್ನ ಹೆಸರೇ?" ಎಂದಿತು.

"ನಿನ್ನ ಮೈಗೆಲ್ಲ ಮಸಿ ಸಿಡಿದಿದೆ. ನಾನೇನಾದರೂ ಕೇಳಿದೆನಾ?"

ಮೂರನೆಯ ಬಾಗಿಲಿನ ಒಳಗೆ ನಲವತ್ತು ಮಡಕೆಗಳು ಸಾಲಾಗಿದ್ದವು. ಬೂದಿಗಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಿಟಕಿಯಲ್ಲಿ ಸೂರ್ಯ ಕೆಂಪಗಾಗಿದ್ದ. ಗೊರಕೆ ಮೈಲಾರ ತಲೆಯ ಮೇಲೆ ಕಲ್ಲು ಹೊತ್ತು ಅವಳನ್ನು ಯಾರೋ ಪರವೂರಿನವಳೆಂಬಂತೆ ನೋಡಿದ. ಅವನ ಪಾದಗಳು ಆಗಲೇ ಕಲ್ಲಾಗಿದ್ದವು.

"ನಿನ್ನ ಗಂಡನ ಮಡಕೆ ಯಾವುದು, ಹುಡುಕು," ಎಂದ ಬೂದಿಗಣ್ಣ.

ಕೊಳ್ಳುವ ಮಡಕೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವಂತೆ ಸಂಕವ್ವ ಒಂದೊಂದನ್ನೇ ಬಡಿದಳು. ನಲವತ್ತೂ ಒಂದೇ ದನಿ ಕೊಟ್ಟವು. ಅವಳು ಎರಡು ಕಿರುಬಗಳತ್ತ ನೋಡಿದಳು. ಹುಡುಕುವುದೇ ಬೇಕಿಲ್ಲ, ಕರೆದರೆ ಸಾಕು!

"ರೀ..." ಎಂದಳು. ಮಡಕೆ ಅಲುಗಲಿಲ್ಲ.

"ನಮ್ಮನೆಯವರೇ..." ಎಂದಳು. ಮಡಕೆ ಅಲುಗಲಿಲ್ಲ. ಗಂಡನ ಮೊಣಕಾಲೂ ಕಲ್ಲಾಯಿತು. ಬೂದಿಗಣ್ಣ ಹೊಟ್ಟೆ ಹಿಡಿದು ನಕ್ಕ.

ಸಂಕವ್ವನ ಮುಖ ಕೆಂಡವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಟ್ಟ ಅದುರುವಂತೆ ಕೂಗಿದಳು:

"ಮೈಲಾರಾ!"

ನಲವತ್ತು ಮಡಕೆಗಳೂ ಒಟ್ಟಿಗೇ ಒಡೆದವು. ಕಲ್ಲಾಗಿದ್ದ ಕಾಲುಗಳಿಗೆ ಜೀವ ಬಂತು. ನಲವತ್ತು ಗಂಡಸರು ಕಲ್ಲು ಕೆಳಗೆ ಹಾಕಿ "ಓ!" ಎಂದರು.

ಮೂಲೆಯಲ್ಲಿ ಇನ್ನೊಂದು ಪುಟ್ಟ ಮಡಕೆಯಿತ್ತು. ಸಂಕವ್ವ ಬಡಿದಾಗ ಅದು ಬೇರೆಯದೇ ದನಿಯಲ್ಲಿ ಬೊದಬೊದ ಎಂದಿತು. ಯಾರೂ ಕದಿಯಬಾರದೆಂದು ಬೂದಿಗಣ್ಣ ತನ್ನ ಹೆಸರನ್ನೇ ಅದರಲ್ಲಿ ಬಚ್ಚಿಟ್ಟಿದ್ದ. "ಬೇಡ!" ಎಂದು ಅವನು ಓಡಿಬರುವಷ್ಟರಲ್ಲಿ ಪಟ್ಟೆಕಿರುಬ ಅದನ್ನು ಎಲುಬಿನಂತೆ ಕಟಕಟ ಕಡಿದು ನುಂಗಿತು. ಬೂದಿಗಣ್ಣನಿಗೆ ಮಂತ್ರಗಳೆಲ್ಲ ಮರೆತುಹೋದವು. ಕೋಟೆ ಮಣ್ಣಾಗಿ ಕುಸಿಯಿತು.

"ನಾನು ಯಾರು?" ಎಂದು ಅವನು ಮಗುವಿನ ಹಾಗೆ ಕೇಳಿದ.

"ನಮ್ಮೂರಲ್ಲಿ ಗಂಡಸರಿಗೆ ಇರೋದೇ ಒಂದು ಹೆಸರು. ನೀನೂ ಹಂಚ್ಕೋ. ಬಾ, ಮಣ್ಣು ತುಳಿಯುವಿಯಂತೆ," ಎಂದಳು ಸಂಕವ್ವ.

ಬೆಟ್ಟ ಇಳಿಯುವಾಗ ಗಂಡ ಮೆಲ್ಲಗೆ, "ನನ್ನ ಹೆಸರು ಹಿಡಿದು ಕರೆದೆಯಲ್ಲೇ!" ಎಂದ.

"ಕರೆದೆ. ನಾಲಿಗೆ ಇಲ್ಲೇ ಇದೆ, ನೋಡು."

ಆಮೇಲೆ ಅವಳು ದಿನವೂ ಕರೆದಳು. "ಮೈಲಾರಾ, ಊಟಕ್ಕೆ ಬಾ!" ಎಂದರೆ ನಲವತ್ತೊಂದು ಮಂದಿ ಬರುತ್ತಿದ್ದರು. "ಕಿರುಬಾ!" ಎಂದರೆ ಒಂದು ಮರದಿಂದ ಇಳಿದು, ಒಂದು ಆವಿಗೆಯ ಹಿಂದಿನಿಂದ ಎದ್ದು, ಎರಡೂ ಬರುತ್ತಿದ್ದವು. ಸಂಕವ್ವ ಇನ್ನೂ ದೊಡ್ಡ ಮಡಕೆ ಮಾಡಿಕೊಂಡಳು. ಎಲ್ಲರೂ ಹೊಟ್ಟೆತುಂಬ ಉಂಡು ಸುಖವಾಗಿದ್ದರು.