ಪದಕೋಶದ ಡಿಸ್ಕ್ ಕೆಡಿಸಿದವರು

ದಿನಾಂಕ 9-3-1999, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ. ನಿವೃತ್ತ ಮೇಷ್ಟ್ರು ತಿಪ್ಪೇರುದ್ರಪ್ಪ ದಾವಣಗೆರೆಯ ಠಾಣೆಗೆ ಬಂದವರೇ ಇನ್‌ಸ್ಪೆಕ್ಟರ್ ಕೆಂಚವೀರಪ್ಪನ ಮೇಜು ಗುದ್ದಿದರು.

"ನಾಲ್ಕು ವರ್ಷ ಕೂಡಿಸಿದ ರೈತರ ಪದಕೋಶ ಹೋತು ಸಾರ್! ಕಂಪ್ಯೂಟರಿನ ಒಂಬತ್ತು ಜಿಬಿ ಡಿಸ್ಕ್ ಮೂರನೇ ಸಲ ಕೆಟ್ಟೈತೆ. ನಕಲು ತೆಗೆದಿಟ್ಟ ಫ್ಲಾಪಿಗಳೂ ಮಾಯ!"

"ಡಿಸ್ಕ್ ಕೆಟ್ಟಿದ್ದಕ್ಕೆ ಯಾವ ಕಲಂ ಹಾಕ್ಲಿ?" ಕೆಂಚವೀರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕೊನೆಗೆ ಫ್ಲಾಪಿ ಕಳುವಿನ ಮೇಲೆ ಎಫ್‌ಐಆರ್ ಬರೆಸಿದ.

ಮೇಷ್ಟ್ರ ಕಚೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಜನ್ ಕುಮಾರ್ ಪರದೆ ತೋರಿಸಿದ. "ಡಿಸ್ಕಿಗೆ ಬರೀತಿರೋವಾಗ ಕರೆಂಟ್ ಹೋದ್ರೆ ಫೈಲುಗಳ ಪಟ್ಟಿನೇ ಹಾಳಾಗ್ತೈತೆ ಸಾರ್. ಎರಡು ಸಲ ಸರಿ ಮಾಡ್ದೆ. ಈ ಸಲ ಬರೀ ತುಂಡು ಸಿಗ್ತಾವೆ, ಅವನ್ನ ಜೋಡಿಸೋಕೆ ಆಗಲ್ಲ."

ಕಂಪ್ಯೂಟರ್ ನೋಡಿಕೊಳ್ಳುವ ಶೋಭಾರಾಣಿ ಮೂರೂ ಸಲ ಕಚೇರಿಯ ದಿನಚರಿ ಪುಸ್ತಕದಲ್ಲಿ 'ಕರೆಂಟ್ ಹೋಯಿತು' ಎಂದು ಬರೆದಿದ್ದಳು. ದಾವಣಗೆರೆಯಲ್ಲಿ ಆ ಮಾತನ್ನು ಅನುಮಾನಿಸುವ ಗಂಡು ಇನ್ನೂ ಹುಟ್ಟಿರಲಿಲ್ಲ. ಕೆಂಚವೀರಪ್ಪ ಅನುಮಾನಿಸಿದ. ಪೇದೆ ದುರುಗಣ್ಣ ಕೆಇಬಿಗೆ ಹೋಗಿ ದಾಖಲೆ ನೋಡಿ ಬಂದ. ಮೊದಲ ಎರಡು ಸಲ ಕರೆಂಟ್ ಹೋಗಿದ್ದು ನಿಜ. ಮೂರನೇ ಸಲ, 6ನೇ ತಾರೀಖು ಬೆಳಿಗ್ಗೆ 11.40ಕ್ಕೆ, ಆ ಬಡಾವಣೆಯಲ್ಲಿ ಕರೆಂಟ್ ಇತ್ತು.

ಸಂಜೆ ನಾಲ್ಕಕ್ಕೆ ಕೆಂಚವೀರಪ್ಪ ಮಹಿಳಾ ಪೇದೆ, ಪಂಚರು, ಮೇಷ್ಟ್ರು ಸಮೇತ ಹರಿಹರದಲ್ಲಿದ್ದ ಶೋಭಾರಾಣಿಯ ಮನೆಗೆ ಹೋದ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ನಲವತ್ತಾರು ಫ್ಲಾಪಿ ಸಿಕ್ಕವು.

"ಪ್ಲಗ್ ಯಾಕೆ ಕಿತ್ತೆ?" ಕೆಂಚವೀರಪ್ಪ ಅವಳನ್ನು ಕೇಳಿದ.

"ಸಿಟ್ಟಿಗೆ."

"ಇವನ್ನ ಯಾಕೆ ಸುಡಲಿಲ್ಲ?"

"ನಂದೂ ಹೌದಲ್ರೀ ಅದು! ಅರ್ಧದಷ್ಟು ಪದ ಭಾನುವಳ್ಳಿಯ ನಮ್ಮವ್ವ, ಅವಳ ಜೊತೆ ಕಳೆ ತೆಗೆಯೋರು ಹೇಳಿದ್ದು. ಹೊಲ ಹೊಲ ಅಲೆದು ಬರ್ಕಂಡು ಬಂದಾಕಿ ನಾನು. ಅಚ್ಚಿಗೆ ಹೋಗೋ ಮೊದಲ ಪುಟದಾಗೆ ಈ ಮೇಷ್ಟ್ರೊಬ್ಬರದೇ ಹೆಸರು. ಕೇಳಿದ್ದಕ್ಕೆ, ಟೈಪ್ ಮಾಡೋಳಿಗೆ ಯಾಕಮ್ಮ ಹೆಸರು ಅಂದ್ರು."

ಮೇಷ್ಟ್ರು ಇಲ್ಲವೆನ್ನಲಿಲ್ಲ. "ಸಂಬಳ ಕೊಟ್ಟೀನಲ್ಲ?" ಎಂದರು.

ಕೆಂಚವೀರಪ್ಪನಿಗೆ ಮೈಯೆಲ್ಲ ಉರಿಯಿತು. ಆದರೆ ಕಳವು ಕಳವೇ. ಅಲ್ಲೇ ಕೂತು ಪಂಚನಾಮೆ ಬರೆಸಿದ: ಫ್ಲಾಪಿ ನಲವತ್ತಾರು. ಒಳಗಿರುವುದು ರೈತರ ಪದಕೋಶ. ಸಂಗ್ರಹಿಸಿದವರು ತಿಪ್ಪೇರುದ್ರಪ್ಪ ಮತ್ತು ಶೋಭಾರಾಣಿ.

ಸಹಿಗೆಂದು ತೆಗೆದುಕೊಂಡ ಪೆನ್ನನ್ನು ಮೇಷ್ಟ್ರು ಕೆಳಗಿಟ್ಟರು. "ಆ ಹೆಸರು ತೆಗೀರಿ."

"ತೆಗೆಯಲ್ಲ! ಫ್ಲಾಪಿ ಬೇಕಂದ್ರೆ ಗುರುತು ಹಿಡಿದು ಸಹಿ ಹಾಕ್ರಿ. ಬ್ಯಾಡಂದ್ರೆ ನಡೀರಿ."

ಹಲ್ಲು ಕಡಿಯುತ್ತ ಮೇಷ್ಟ್ರು ಸಹಿ ಹಾಕಿದರು.

ಆರು ಹತ್ತಕ್ಕೆ ಶೋಭಾರಾಣಿಯ ಬಂಧನವಾಯಿತು. ಜೀಪು ಹತ್ತುವ ಮುಂಚೆ ಅವಳು ಆ ಪಂಚನಾಮೆಯ ಹಾಳೆ ಕೇಳಿ ಇಸಿದುಕೊಂಡು, ತನ್ನ ಹೆಸರಿದ್ದ ಸಾಲನ್ನು ಎರಡು ಸಲ ಓದಿದಳು.