ನಲ್ಲಿ ಅವನದು, ಒಲೆ ಅವಳದು

“ಅವರ ಮನ್ಯಾಗ ನಲ್ಲಿ ಅದ, ಒಲಿ ಇಲ್ಲ. ನಿಮ್ಮನ್ಯಾಗ ಒಲಿ ಅದ, ನಲ್ಲಿ ಇಲ್ಲ. ಇವು ಎರಡು ಮನಿನೋ, ಒಂದನೋ, ಅಕ್ಕಾರ?”

ಜನಗಣತಿಗೆ ಬಂದಿದ್ದ ಮಂಜರಿ ಟೀಚರ್ ನಗುತ್ತಲೇ ಕೇಳಿದ್ದು. ಮಾನಮ್ಮನ ಕೈ ಮಾತ್ರ ಹಿಟ್ಟಿನಲ್ಲೇ ನಿಂತುಬಿಟ್ಟಿತು.

ಪುಣೆಯ ಯೆರವಡಾದ ಆ ಓಣಿಯಲ್ಲಿ ಅವಳದೂ ಅವ್ವಣ್ಣನದೂ ಒಂದೇ ಗೋಡೆಯ ಎರಡು ಖೋಲಿಗಳು. ಬೆಳಗ್ಗೆ ಆರೂವರೆಗೆ ಬಂದ ನೀರು ಏಳೂಕಾಲಿಗೆ ನಿಂತುಹೋಗುತ್ತದೆ. ಅವಳ ಗಂಡ ತೀರಿಕೊಂಡ ವರ್ಷ, ಬೀದಿ ನಲ್ಲಿಯ ಪಾಳಿಯಲ್ಲಿ ನಿಂತು ಅವಳಿಗೆ ಕೆಲಸಕ್ಕೆ ತಡವಾಗುವುದನ್ನು ನೋಡಿ, ಅವ್ವಣ್ಣ ಮೇಲಿನ ತಗಡಿನ ಸಂದಿಯಿಂದ ತನ್ನ ನಲ್ಲಿಯ ಪೈಪು ಇಳಿಬಿಟ್ಟಿದ್ದ. ಅಂದು ಸಂಜೆ ಅವಳು ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟು ಬಂದಳು.

ಆರು ವರ್ಷವಾಯಿತು. ಪೈಪೂ ನಿಂತಿಲ್ಲ, ರೊಟ್ಟಿಯೂ ನಿಂತಿಲ್ಲ. ಹೆಂಡತಿಯಿಲ್ಲದ ಅವ್ವಣ್ಣ, ಇದ್ದ ಸ್ಟವ್ ಕೆಟ್ಟಾಗ ಇನ್ನೊಂದು ತರಲಿಲ್ಲ. ಪ್ರೀತಿಯ ಮಾತನ್ನು ಇಬ್ಬರೂ ಆಡಿದವರಲ್ಲ. ಕೊಡ ತುಂಬಿತೆಂದು ಅವಳು ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು. ಆತ ಒಂದು ಸಲ ತಿರುಗಿ ಬಡಿದು ನಲ್ಲಿ ಬಂದ್ ಮಾಡುತ್ತಿದ್ದ. ಆ ಒಂದು ಸದ್ದಿಗಾಗಿ ತಾನು ಕಾಯುತ್ತೇನೆಂಬುದು ಅವಳಿಗಷ್ಟೇ ಗೊತ್ತು.

ಟೀಚರ್ ಮೊಬೈಲ್ ನೋಡುತ್ತ ವಿವರಿಸಿದಳು. ಒಂದೇ ಒಲೆಯ ಅಡುಗೆ ಉಣ್ಣುವವರನ್ನು ಒಂದೇ ಕುಟುಂಬವೆಂದು ಬರೆಯಬೇಕಂತೆ. ಹಾಗೆ ಬರೆದರೆ ನೀರು ಮನೆಯೊಳಗೇ ಎಂದಾಗುತ್ತದೆ. ಬೇರೆ ಬೇರೆಯಾದರೆ ಮಾನಮ್ಮನ ನೀರು ಮನೆಯ ಹತ್ತಿರ, ಒಳಗಲ್ಲ.

ಬಾಗಿಲಲ್ಲಿ ಅವ್ವಣ್ಣ ನಿಂತಿದ್ದ. ಟೈಲ್ಸ್ ಕೊಯ್ದ ಬಿಳಿ ಪುಡಿ ಇನ್ನೂ ಕಿವಿಯ ಮೇಲಿತ್ತು. ಆತ ಅವಳತ್ತ ನೋಡಲಿಲ್ಲ. ನೋಡದಿರಲು ಪಡುತ್ತಿದ್ದ ಕಷ್ಟವನ್ನು ಅವಳು ನೋಡಿದಳು.

ನೀವಾದರೂ ಹೇಳಿ ಎಂದು ಟೀಚರ್ ಅವನನ್ನು ಕೇಳಿದಳು.

“ಆಕಿ ಹೇಳಿದಂಗ ಬರಕೋರಿ.”

ಒಂದೇ ಮನೆ ಅಂದುಬಿಡುವುದು ಎಷ್ಟು ಸುಲಭವಿತ್ತು. ಆದರೆ ಮಗಳು ಶೀತಲಳನ್ನು ನೋಡಲು ಭಾನುವಾರ ಯಾದಗಿರಿ ಕಡೆಯ ಬೀಗರು ಬರುವವರಿದ್ದರು. ಆ ಸಂಬಂಧ ತಂದವಳೇ ಓಣಿಯ ಹೆಂಗಸರ ಜೊತೆ ಹೊರಗೆ ನಿಂತು ಕಿವಿಗೊಟ್ಟಿದ್ದಳು.

“ಬ್ಯಾರೆ ಬ್ಯಾರೆ ರೀ,” ಎಂದಳು ಮಾನಮ್ಮ. “ನೀರಷ್ಟ ಕೊಡ್ತಾರ.”

ಟೀಚರ್ ಮೊಬೈಲಿನಲ್ಲಿ ಹಾಗೇ ಒತ್ತಿಕೊಂಡಳು. ಒಲೆಯೇ ಇಲ್ಲದ ಮನೆ ಹೇಗೆಂದು ಸೂಪರ್‌ವೈಸರ್ ನೋಡಲು ಬರಬಹುದು ಎಂದು ಎಚ್ಚರಿಸಿ ಮುಂದಿನ ಬಾಗಿಲಿಗೆ ಹೋದಳು.

ಮರುದಿನ ಸಂಜೆ ಮಾನಮ್ಮ ರೊಟ್ಟಿಯ ತಾಟು ಹಿಡಿದು ಹೋದರೆ, ಅವನ ಖೋಲಿಯಲ್ಲಿ ಹೊಸದೊಂದು ಗ್ಯಾಸ್ ಒಲೆ. ತಳ ಹತ್ತಿದ ಅನ್ನದ ವಾಸನೆ.

“ಏನಿದು?”

“ಸಾಹೇಬ ಬಂದ್ರ ಒಲಿ ಕಾಣಬೇಕಲ್ಲ. ನಿನ್ನ ಮಾತು ಸುಳ್ಳಾಗಬಾರದು.”

ಅವಳು ಹೊಸ್ತಿಲಲ್ಲೇ ನಿಂತಳು. ಅಲ್ಲಿಂದಲೇ ಕೇಳಿದಳು, “ನೀನ ಹೇಳೂದಿತ್ತಂದ್ರ ಏನ್ ಹೇಳ್ತಿದ್ದಿ?”

“ಒಂದ ಮನಿ ಅಂತಿದ್ನಿ. ಆರು ವರ್ಷದಿಂದ ಹಂಗ ತಿಳ್ಕೊಂಡೀನಿ.”

“ನಾನೂ ಹಂಗ ತಿಳ್ಕೊಂಡಿದ್ನಿ,” ಎಂದಳು. ತನ್ನ ದನಿ ತನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು. ಆತ ತಲೆಯೆತ್ತಿ ನೋಡಿದ. ಎಷ್ಟೋ ದಿನದಿಂದ ಕೂಡಿಟ್ಟಿದ್ದ ನೋಟವನ್ನೆಲ್ಲ ಒಮ್ಮೆಲೇ ಖರ್ಚು ಮಾಡುವವನಂತೆ.

“ಸಾಹೇಬ ಬಂದು ಹ್ವಾದಮ್ಯಾಲ ಮತ್ತ ರೊಟ್ಟಿ ತರ್ಲೇನು?”

“ಬ್ಯಾಡ ಮಾನಮ್ಮಾ. ಅಂವ ಹ್ವಾದ್ರೂ ಓಣಿ ಮಂದಿ ಇಲ್ಲೇ ಇರ್ತಾರ. ಶೀತಲನ ಲಗ್ನ ಆಗ್ಲಿ. ನೀರು ಮಾತ್ರ ನಾ ಬಿಡ್ತೀನಿ.” ಆಮೇಲೆ ನಗಲು ನೋಡಿ, “ಅನ್ನಕ್ಕ ಉಪ್ಪು ಹಾಕೂದು ಮರತೀನಿ ನೋಡು,” ಎಂದ.

ತಾಟು ಹಿಡಿದು ತಿರುಗಿ ಬಂದಳು. ಈ ಎರಡು ರೊಟ್ಟಿ ಯಾರಿಗೆಂದು ಶೀತಲ ಕೇಳಿದಳು. ನನಗೇ ಎಂದ ಮಾನಮ್ಮ, ಹಸಿವಿಲ್ಲದಿದ್ದರೂ ಮಗಳ ಎದುರು ಕುಳಿತು ಎರಡನ್ನೂ ಉಂಡಳು.