ನೂಲುಧೂಳಿನ ಸಾಕ್ಷಿ

ಸೋಮವಾರ ಸಂಜೆ ನಾಲ್ಕಕ್ಕೆ ಟೈಲರಮ್ಮ ಎದುರುಮನೆಯ ಬಾಗಿಲು ತಟ್ಟಿದಾಗ ಮೀಟರ್ ತಾತ ಹಳೆಯ ಇಸ್ತ್ರಿಪೆಟ್ಟಿಗೆಯೊಂದರ ಹೊಟ್ಟೆ ಬಗೆದುಕೊಂಡು ಕೂತಿದ್ದರು. ನಲವತ್ತು ವರ್ಷ ಮನೆಬಳಕೆಯ ಯಂತ್ರಗಳನ್ನು ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಕನ್ನಡಕ ಮರೆತಾರು, ಜೇಬಿನಲ್ಲಿನ ಕರೆಂಟ್ ಪರೀಕ್ಷಿಸುವ ಮೀಟರ್ ಮರೆಯರು. ಏಳು ಮನೆಗಳ ಆ ಕಟ್ಟಡದಲ್ಲಿ ಏನು ಕೆಟ್ಟರೂ ಏನು ಕಳೆದರೂ ಜನ ಮೊದಲು ಹೋಗುತ್ತಿದ್ದದ್ದು ಅವರಲ್ಲಿಗೆ. ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುವುದು ಟೈಲರಮ್ಮನ ಪಾಲಿನ ಕೆಲಸ.

“ತಾತ, ಅರ್ಧ ಹೊಲಿದ ತೋಳು ಮಷೀನಲ್ಲೇ ಬಿಟ್ಟು ಬಂದೆ. ಅಕ್ಕನ್ನ ಕೆಲಸದಿಂದ ತೆಗೀತಾರಂತೆ!”

“ಯಾರು ತೆಗೆಯೋ ಪುಣ್ಯಾತ್ಮ?”

“ಇನ್ಯಾರು, ನಮ್ಮ ಕಟ್ಟಡದ ಸೆಕ್ರೆಟರಿ. ಬಟ್ಟೆ ಒಣಗಿಸೋ ಡ್ರೈಯರ್ ಅವಳಿಂದಾನೇ ಸುಟ್ಟಿತಂತೆ. ಆರಕ್ಕೆ ಮೀಟಿಂಗು.”

ಅಕ್ಕ ಎಂದರೆ ನೆಲಮಹಡಿಯ ಬಟ್ಟೆಕೋಣೆಯನ್ನು ನೋಡಿಕೊಳ್ಳುವವಳು. ಮೆಟ್ಟಿಲ ಕೆಳಗಿನ ಒಂಟಿ ಕೋಣೆ ಆ ಕೆಲಸಕ್ಕೆ ಅಂಟಿಕೊಂಡು ಬಂದದ್ದು; ಅಲ್ಲಿ ಅವಳೂ ಕಾಲೇಜಿಗೆ ಹೋಗುವ ಮಗಳೂ ಇದ್ದರು. ಕೆಲಸ ಹೋದರೆ ಸೂರೂ ಹೋಯಿತು. ಹಿಂದಿನ ವಾರವಷ್ಟೇ ‘ಮಕ್ಕಳ ಯೂನಿಫಾರ್ಮ್ ಒಣಗ್ತಾನೇ ಇಲ್ಲ’ ಎಂದು ಸೆಕ್ರೆಟರಿಯ ಮುಂದೆ ಗೊಣಗಿದ್ದು ಟೈಲರಮ್ಮನೇ. ಆ ಮಾತು ಆಡಬಾರದಿತ್ತು ಎಂದು ಈಗ ಅನಿಸುತ್ತಿತ್ತು.

ನೋಟಿಸು ಮೆಟ್ಟಿಲ ಬಳಿಯ ಹಲಗೆಯ ಮೇಲಿತ್ತು: ‘ಗಾಳಿ ಹೋಗುವ ದಾರಿ ಕಟ್ಟಿಕೊಂಡು ಡ್ರೈಯರ್ ಸುಟ್ಟಿದೆ. ಧೂಳು ಹಿಡಿಯುವ ಜಾಲರಿ ಸ್ವಚ್ಛಗೊಳಿಸದ ಕೆಲಸದಾಕೆಯ ನಿರ್ಲಕ್ಷ್ಯವೇ ಕಾರಣ.’

ತಾತ ಎರಡು ಸಲ ಓದಿದರು. “ಇದನ್ನ ಅಂಟಿಸಿದ್ದು ಯಾವಾಗ?”

“ಬೆಳಿಗ್ಗೆ ಎಂಟಕ್ಕೆ.”

“ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿದ್ನಾ?”

“ಅವನು ಬರೋದು ಬುಧವಾರ. ಯಾರೂ ಮುಟ್ಟಿಲ್ಲ.”

ತಾತ “ಹ್ಞೂಂ” ಎಂದರು. ಆ ಹ್ಞೂಂ ಟೈಲರಮ್ಮನಿಗೆ ಗೊತ್ತಿತ್ತು. ಅದಾದ ಮೇಲೆ ಅವರನ್ನು ಮಾತಾಡಿಸಿ ಫಲವಿಲ್ಲ.

ಬಟ್ಟೆಕೋಣೆಯಲ್ಲಿ ಅಕ್ಕ ಒದ್ದೆ ಬಟ್ಟೆಗಳನ್ನು ಹಗ್ಗಕ್ಕೆ ಹರವುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದಳು.

“ಏನಾಯ್ತು, ಮೊದಲಿಂದ ಹೇಳಮ್ಮ,” ಎಂದರು ತಾತ.

“ನಿನ್ನೆ ಸಂಜೆ ಟೈಲರಮ್ಮನ ಬಟ್ಟೆ ಹಾಕಿದ್ದೆ ತಾತ. ಡ್ರಮ್ ತಿರುಗ್ತಾನೇ ಇತ್ತು, ಬಟ್ಟೆ ಮಾತ್ರ ತಣ್ಣಗೆ. ಆಗಲೇ ಹೋಗಿ ಸೆಕ್ರೆಟರಿಗೆ ಹೇಳ್ದೆ.”

“ಅದಕ್ಕೂ ಮುಂಚೆ?”

“ಒಂದು ಸುತ್ತಲ್ಲಿ ಒಣಗ್ತಿದ್ದದ್ದು ಮೂರು ವಾರದಿಂದ ಎರಡು ಸುತ್ತು ಕೇಳ್ತಿತ್ತು. ಯಂತ್ರ ಮುಟ್ಟಿದ್ರೆ ಕೈ ಸುಡೋದು. ಅದನ್ನೂ ಹೇಳಿದ್ದೆ. ‘ನೀನು ಹೊರೆಗಟ್ಟಲೆ ತುಂಬ್ತೀಯ’ ಅಂದ್ರು.”

ತಾತ ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ಡ್ರೈಯರ್‌ಗಳಲ್ಲಿ ಎರಡು ಮುಖ್ಯ ನಮೂನೆ. ಒಂದು ಬಟ್ಟೆಯ ತೇವವನ್ನೆಲ್ಲ ನುಂಗಿ ತೊಟ್ಟಿಯಲ್ಲಿ ನೀರು ಮಾಡಿಟ್ಟುಕೊಳ್ಳುತ್ತೆ. ಇನ್ನೊಂದು ಹೊರಗೆ ಉಗುಳುತ್ತೆ. ಇದರಲ್ಲಿ ತೊಟ್ಟಿ ಇಲ್ಲ, ಬೆನ್ನಲ್ಲಿ ಕೊಳವೆ ಇದೆ. ಇದು ಉಗುಳೋದು.”

ಅಷ್ಟರಲ್ಲಿ ಮೂರನೇ ಮಹಡಿಯ ನರ್ಸಮ್ಮ ಬಕೆಟ್ ಹಿಡಿದು ಬಂದಳು. ತಾತನನ್ನು ಕಂಡದ್ದೇ ಕೈಯಲ್ಲಿದ್ದ ಪೊಟ್ಟಣವನ್ನು ಬೆನ್ನ ಹಿಂದೆ ಸರಿಸಿದಳು. ಬಟ್ಟೆಯ ಜೊತೆ ಹಾಕುವ ಸುವಾಸನೆಯ ಹಾಳೆಗಳು. ಅವು ಜಾಲರಿಗೆ ಮೇಣದಂತೆ ಮೆತ್ತಿಕೊಳ್ಳುತ್ತವೆಂದು ಅಕ್ಕ ಎಲ್ಲರಿಗೂ ಬೇಡವೆಂದಿದ್ದಳು.

“ನಾಲ್ಕೇ ನಾಲ್ಕು ಸಲ ಹಾಕಿದೀನಿ ತಾತ, ಆಣೆ! ನನ್ನಿಂದಲೇ ಕೆಟ್ಟಿತಾ?”

ತಾತ ಜಾಲರಿಯನ್ನು ಹೊರಗೆಳೆದು ನಲ್ಲಿಯ ಕೆಳಗೆ ಹಿಡಿದರು. ನೀರು ನಿಲ್ಲದೆ ಸಲೀಸಾಗಿ ಸೋರಿಹೋಯಿತು. “ಮೆತ್ತಿಕೊಂಡಿದ್ರೆ ನೀರು ಮೇಲೇ ನಿಲ್ತಿತ್ತು. ನೀನು ಬಚಾವಾದೆ, ಹೋಗು. ಮಲಗೋ ಹೊತ್ತಲ್ವಾ ನಿಂದು?”

“ರಾತ್ರಿ ಪಾಳಿಯವಳಿಗೆ ಹಗಲೇ ರಾತ್ರಿ. ಈಗಂತೂ ನಿದ್ದೆಗೆ ಕೊರತೆಯಿಲ್ಲ. ಸೆಕ್ರೆಟರಿ ಈ ತಿಂಗಳು ಕಿಟಕಿಗೆಲ್ಲ ಸೊಳ್ಳೆಬಲೆ ಹೊಡೆಸಿದ್ರಲ್ಲ, ಕಟ್ಟಡದ ಒಂದು ತೂತನ್ನೂ ಬಿಟ್ಟಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಓಡಾಡ್ತಿದಾರೆ.”

ಅವಳು ಹೋದ ಮೇಲೆ ತಾತ ಕೇಳಿದರು: “ಜಾಲರಿಯಿಂದ ತೆಗೆದ ಧೂಳು ಎಲ್ಲಿ ಎಸೀತೀಯಮ್ಮ?”

ಅಕ್ಕ ನಾಚಿಕೊಂಡಳು. “ಎಸೆಯಲ್ಲ. ದಿಂಬಿಗೆ ತುಂಬೋಣ ಅಂತ…” ಎಂದು ಮೂಲೆಯಿಂದ ದೊಡ್ಡದೊಂದು ಪ್ಲಾಸ್ಟಿಕ್ ಚೀಲ ಎಳೆದು ತಂದಳು.

ಬಟ್ಟೆಗಳಿಂದ ಉದುರಿದ ನೂಲುಧೂಳು ಚೀಲದೊಳಗೆ ಪದರ ಪದರವಾಗಿ ಕೂತಿತ್ತು. ಏಳು ಮನೆಗೆ ವಾರದ ಏಳು ದಿನ: ಸೋಮವಾರ ನರ್ಸಮ್ಮನ ಬಿಳಿ, ಗುರುವಾರ ಸೆಕ್ರೆಟರಿ ಮನೆಯ ಕೆಂಪು ಟವೆಲ್ಲು, ಭಾನುವಾರ ಟೈಲರಮ್ಮನ ಮಕ್ಕಳ ನೀಲಿ. ಹೊರಗಿನಿಂದಲೇ ಬಣ್ಣ ಎಣಿಸಬಹುದಿತ್ತು. ತಾತ ಮೇಲಿನಿಂದ ಕೆಳಕ್ಕೆ ಬೆರಳಾಡಿಸುತ್ತಾ ಮೂರು ವಾರ ಇಳಿದರು. ಅಲ್ಲಿಂದ ಕೆಳಗಿನ ಪದರಗಳು ಬೆರಳುದಪ್ಪ. ಮೇಲಿನವು ಕಾಗದದಷ್ಟು ತೆಳು.

“ಅಯ್ಯೋ, ಇದು ಅಕ್ಕನ ಮೇಲೇ ಬರುತ್ತಲ್ಲ ತಾತ!” ಎಂದಳು ಟೈಲರಮ್ಮ. “ಸರಿಯಾಗಿ ತೆಗೆದಿಲ್ಲ ಅಂತಾರೆ.”

“ಟಾರ್ಚ್ ಹಿಡಿ,” ಎಂದರು ತಾತ.

ಪ್ಲಗ್ ಕಿತ್ತು, ಹಿಂದಿನ ಹೊದಿಕೆ ಬಿಚ್ಚಿದರು. ಕಾಯುವ ಸುರುಳಿಗೆ ಮೀಟರ್ ಹಚ್ಚಿದರೆ ಕೀಂ ಎಂದಿತು. ಅದು ನೆಟ್ಟಗಿತ್ತು. ಗಾಳಿ ಹೋಗುವ ದಾರಿಯಲ್ಲಿ ಕೂತ ಪುಟ್ಟ ಬಿಳಿ ಫ್ಯೂಸಿಗೆ ಹಚ್ಚಿದರು. ಮೀಟರ್ ಉಸಿರೆತ್ತಲಿಲ್ಲ. ತಾತ ತಲೆಯಾಡಿಸಿ ಹೊರಗೆ ಹೊರಟರು.

ಕೊಳವೆ ಹೊರಬೀಳುವುದು ಕಟ್ಟಡದ ಹಿಂದುಗಡೆ, ಎರಡಾಳೆತ್ತರದಲ್ಲಿ. ಗೋಡೆ ಮಸಿ ಹಿಡಿದಿತ್ತು, ಕೊಳವೆಯ ಬಾಯಿಯ ಸುತ್ತ ಮಾತ್ರ ಒಂದು ಚೌಕದಷ್ಟು ಜಾಗ ಏನನ್ನೋ ಕಿತ್ತು ಕೆರೆದಂತೆ ಶುಭ್ರ. ಚೌಕದ ನಾಲ್ಕು ಮೂಲೆಗೆ ನಾಲ್ಕು ಹೊಸ ತೂತು. ಕೆಳಗಿನ ಮಣ್ಣಿನಲ್ಲಿ ಏಣಿಯ ಎರಡು ಕಾಲಿನ ಗುರುತು ಹಸಿಹಸಿಯಾಗಿತ್ತು.

“ಏಣಿ ಯಾರ ಹತ್ರ ಇರುತ್ತೆ?”

“ಸ್ಟೋರ್‌ರೂಮಿನಲ್ಲಿ,” ಎಂದಳು ಟೈಲರಮ್ಮ. “ಬೀಗದಕೈ ಸೆಕ್ರೆಟರಿ ಹತ್ರ…”

ಆರು ಗಂಟೆಗೆ ಎಲ್ಲರೂ ಬಟ್ಟೆಕೋಣೆಯಲ್ಲೇ ಸೇರಲಿ ಎಂದು ತಾತ ಹೇಳಿಕಳಿಸಿದ್ದರು. ಸೆಕ್ರೆಟರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. “ಬೇಗ ಮುಗಿಸೋಣ. ವಿಷಯ ಸ್ಪಷ್ಟವಾಗಿದೆ.”

“ಸ್ಪಷ್ಟವಾಗೇ ಇದೆ,” ತಾತ ಸ್ಟೂಲಿನ ಮೇಲೆ ಕೂತರು. “ಡ್ರಮ್ ತಿರುಗ್ತಿತ್ತು ಅಂದ್ರೆ ಕರೆಂಟು, ಬೆಲ್ಟು, ಬಾಗಿಲ ಸ್ವಿಚ್ಚು ಸರಿ. ಕೆಟ್ಟದ್ದು ಬಿಸಿ ಮಾಡೋ ದಾರಿ ಮಾತ್ರ. ಸುರುಳಿ ಸರಿ, ಫ್ಯೂಸ್ ಸುಟ್ಟಿದೆ. ಅಂದ್ರೆ ಬಿಸಿಗಾಳಿ ಹೊರಗೆ ಹೋಗದೆ ಒಳಗೇ ಬೆಂದಿದೆ.”

“ನಾನು ಬರೆದದ್ದೂ ಅದನ್ನೇ! ಜಾಲರಿ—”

“ತಾಳಿ ಸ್ವಾಮಿ. ಜಾಲರಿ ತೆಗೆಯದೆ ಬಿಟ್ಟಿದ್ರೆ ನರ್ಸಮ್ಮನ ಬಿಳಿಯೂ ಮರುದಿನದ ಬಣ್ಣವೂ ಕಲಸಿಕೊಂಡು ಒಂದೇ ದಪ್ಪ ಮುದ್ದೆಯಾಗಿ ಬರಬೇಕಿತ್ತು. ಚೀಲ ನೋಡಿ. ಒಂದು ದಿನವೂ ತಪ್ಪಿಲ್ಲ, ಒಂದು ಬಣ್ಣವೂ ಬೆರೆತಿಲ್ಲ. ಆದ್ರೆ ಮೂರು ವಾರದಿಂದ ತೆಳು. ಗಾಳಿಯ ಎಳೆತವೇ ಕಡಿಮೆಯಾದಾಗ ಧೂಳು ಜಾಲರಿಗೆ ಬರೋದೂ ಕಡಿಮೆ. ಕಟ್ಟಿಕೊಂಡದ್ದು ಜಾಲರಿಯಲ್ಲಲ್ಲ, ಅದರಾಚೆ.”

ತಾತ ಚೀಲವನ್ನು ಸೆಕ್ರೆಟರಿಯತ್ತ ತಳ್ಳಿದರು.

“ಮೂರು ವಾರದ ಹಿಂದೆ ಏನಾಯ್ತು? ಸೊಳ್ಳೆಬಲೆ ಬಂತು. ಕಟ್ಟಡದ ಒಂದು ತೂತನ್ನೂ ಬಿಟ್ಟಿಲ್ಲ ಅಂತ ನೀವೇ ಹೇಳಿದ್ರಿ. ಡ್ರೈಯರಿನ ಬಾಯಿಗೂ ಹೊಡೆದ್ರು. ಜಾಲರಿಗೆ ಸಿಗದ ಸಣ್ಣ ಧೂಳು ಅಲ್ಲಿ ಕೂತು ಕಂಬಳಿಯಾಯ್ತು. ಇವತ್ತು ಆ ಬಲೆ ಅಲ್ಲಿಲ್ಲ. ನಾಲ್ಕು ತೂತು, ಶುಭ್ರವಾದ ಚೌಕ, ಏಣಿಯ ಗುರುತು ಇವೆ. ಏಣಿಯ ಬೀಗ ನಿಮ್ಮದು.”

“ಏಣಿ ಯಾರು ಬೇಕಾದ್ರೂ…” ಎಂದರು ಸೆಕ್ರೆಟರಿ.

“ನೋಟಿಸೂ ಯಾರು ಬೇಕಾದ್ರೂ ಬರೆದ್ರಾ? ಯಂತ್ರ ಬಿಸಿಯಾಗದೆ ಇರೋಕೆ ಆರೇಳು ಕಾರಣ ಉಂಟು. ಬಿಚ್ಚಿ ಮೀಟರ್ ಹಚ್ಚೋವರೆಗೂ ನನಗೇ ಗೊತ್ತಾಗ್ಲಿಲ್ಲ. ನೀವು ಮಾತ್ರ ಎಂಟು ಗಂಟೆಗೇ ‘ಗಾಳಿಯ ದಾರಿ ಕಟ್ಟಿತ್ತು’ ಅಂತ ಬರೆದ್ರಿ. ಕಟ್ಟಿದ್ದನ್ನ ಕಣ್ಣಾರೆ ಕಂಡವರಿಗೆ ಮಾತ್ರ ಅದು ಗೊತ್ತಿರೋದು.”

ಸೆಕ್ರೆಟರಿ ಬೆವರಿದರು. “ಸೊಳ್ಳೆ ಬರಬಾರದು ಅಂತ ಒಳ್ಳೇದಕ್ಕೇ ಹಾಕಿಸಿದ್ದು ತಾತ.”

“ಹಾಕಿಸಿದ್ದು ಗೊತ್ತಿಲ್ಲದೆ. ಅದರಲ್ಲಿ ತಪ್ಪು ಹುಡುಕಲ್ಲ. ಬೆಳಿಗ್ಗೆ ಕಿತ್ತು ಬಚ್ಚಿಟ್ಟದ್ದು, ಆಮೇಲೆ ಪೆನ್ನು ಹಿಡಿದದ್ದು, ಎರಡೂ ಗೊತ್ತಿದ್ದೇ.”

“ಥೂ,” ಎಂದಳು ನರ್ಸಮ್ಮ, ಎಲ್ಲರಿಗೂ ಕೇಳುವಂತೆ.

ಸೆಕ್ರೆಟರಿ ತಾವೇ ಹೋಗಿ ನೋಟಿಸು ಕಿತ್ತು, ಮುದ್ದೆ ಮಾಡಿ ಹಿಡಿದು ಬಂದರು. ಅಕ್ಕನ ಮುಖ ನೋಡಲಾಗದೆ ಯಂತ್ರವನ್ನು ನೋಡುತ್ತಾ ಹೇಳಿದರು: “ಆಯ್ತಮ್ಮ. ನೀನು ಇಲ್ಲೇ ಇರು. ಕೆಲಸ ನಿಂದೇ.”

ಟೈಲರಮ್ಮ ಉಸಿರು ಬಿಟ್ಟಳು. ಅಕ್ಕ ಈಗ ಕಣ್ಣೊರೆಸಿಕೊಳ್ಳುತ್ತಾಳೆ, ಕೈಮುಗಿಯುತ್ತಾಳೆ ಎಂದುಕೊಂಡಳು.

ಅಕ್ಕ ಸೊಂಟದಿಂದ ಬೀಗದಕೈ ಗೊಂಚಲು ಬಿಚ್ಚಿ ಡ್ರೈಯರಿನ ಮೇಲೆ ಇಟ್ಟಳು.

“ಇರ್ತೀನಿ ಅಂತ ನಾನಿನ್ನೂ ಹೇಳಿಲ್ಲ ಸಾರ್. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ನನ್ನ ಮಗಳು ಆ ನೋಟಿಸು ಓದಿದಾಳೆ. ಅವಳ ಮುಂದೆ ಬಂದು, ಬರೆದದ್ದು ಸುಳ್ಳು ಅಂತ ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಯೋಚನೆ ಮಾಡ್ತೀನಿ.”

ಅವಳು ಹೊರಗೆ ಹೋಗಿ ಮೆಟ್ಟಿಲ ಕೆಳಗಿನ, ಮಗಳಿದ್ದ ಕೋಣೆಯ ಬಾಗಿಲು ತೆರೆದು, ತೆರೆದೇ ಹಿಡಿದು ನಿಂತಳು. ತಾತ ಮೀಟರನ್ನು ಜೇಬಿಗಿಳಿಸಿದರು. ಸೆಕ್ರೆಟರಿ ಒಮ್ಮೆ ಗೊಂಚಲನ್ನು, ಒಮ್ಮೆ ಎಲ್ಲರ ಮುಖವನ್ನು ನೋಡಿದರು. ತಪ್ಪಿಸಿಕೊಳ್ಳಲು ಯಾರೂ ದಾರಿ ಕೊಡಲಿಲ್ಲ. ಕೊನೆಗೆ ಆ ತಗ್ಗು ಬಾಗಿಲಿನೊಳಕ್ಕೆ ತಲೆ ಬಗ್ಗಿಸಿಕೊಂಡು ಹೋದರು.